ಸೆರಾಫಿನ್ ಬಾಯಿ ಹೋಗದೆ ಉಳಿದ ಹನ್ನೊಂದು ದಿನ

ಸೆರಾಫಿನ್ ಬಾಯಿಯನ್ನು ಪುಣ್ಯವಂತೆ ಎಂದು ಯಾರಾದರೂ ಹೊಗಳಿದರೆ ಆಕೆಗೆ ಸಿಟ್ಟು ಬರುತ್ತದೆ. ವಾಮದಪದವಿನಲ್ಲಿ ಆಕೆ ಹೆಸರಾದದ್ದು ಪುಣ್ಯಕ್ಕಲ್ಲ, ನಾಲಗೆಗೆ. ಬಂಗುಡೆ ಹಳತಾಗಿದ್ದರೆ ಮೀನಿನವನಿಗೆ ಅವನ ಅಂಗಡಿಯ ಮುಂದೆಯೇ ನಿಂತು, ನಾಲ್ಕು ಗಿರಾಕಿಗಳಿಗೆ ಕೇಳುವ ಹಾಗೆ ಹೇಳುವವಳು. ಚರ್ಚಿನ ಭಾನುವಾರದ ಪೂಜೆಯಲ್ಲಿ ಗಾಯನ ತಂಡ ರಾಗ ತಪ್ಪಿದರೆ ಇಗರ್ಜಿಯ ಅಂಗಳಕ್ಕೆ ಬಂದು ದೇವರ ತಾಳ್ಮೆಯನ್ನು ಗಟ್ಟಿಯಾಗಿ ಕೊಂಡಾಡುವವಳು. ಇಂಥವಳನ್ನು ಊರು ಸಹಿಸಿಕೊಂಡು ಬಂದಿರುವುದಕ್ಕೆ ಒಂದೇ ಕಾರಣ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದರೂ ಮೊದಲು ನೆನಪಾಗುವುದು ಬಾಯಿಯೇ. ಮಲಗಿದವರ ಮಗ್ಗುಲು ಬದಲಿಸುವುದು, ಹಾಸಿಗೆ ಹುಣ್ಣು ತೊಳೆದು ಕಟ್ಟುವುದು, ನೋಯದಂತೆ ಎತ್ತಿ ಕೂರಿಸುವುದು, ಇದರಲ್ಲಿ ಆಕೆಯನ್ನು ಮೀರಿಸುವ ಕೈ ಆ ಸುತ್ತಿನಲ್ಲಿ ಇನ್ನೊಂದಿಲ್ಲ.

ಆ ಕೈ ಪಳಗಿದ್ದು ಊರಲ್ಲಲ್ಲ. ಆಟೋ ಓಡಿಸುತ್ತಿದ್ದ ಗಂಡ ಲಾದ್ರು ಕಾಮಾಲೆಯಲ್ಲಿ ತೀರಿಕೊಂಡಾಗ ಅವಳಿಗೆ ಮೂವತ್ತೆಂಟು, ಮಗಳು ಪ್ರೆಸಿಲ್ಲಾಗೆ ಹತ್ತು. ಮಗಳನ್ನು ತಾಯಿಯ ಬಳಿ ಬಿಟ್ಟು, ಈ ಕಡೆಯ ಎಷ್ಟೋ ಕ್ರೈಸ್ತ ಹೆಂಗಸರು ಹೋದಂತೆ ಇಸ್ರೇಲಿಗೆ ಹೋಮ್ ನರ್ಸ್ ಆಗಿ ಹೋದಳು. ಅಲ್ಲಿ ಹನ್ನೊಂದು ವರ್ಷ ಒಬ್ಬಳೇ ಮುದುಕಿಯನ್ನು ನೋಡಿಕೊಂಡಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೊಣಕಾಲುಗಳ ನಡುವೆ ದಿಂಬು ಇಡಬೇಕು, ಹಿಮ್ಮಡಿ ಹಾಸಿಗೆಗೆ ತಾಗಬಾರದು ಎಂಬುದನ್ನೆಲ್ಲ ಅಲ್ಲಿ ಕಲಿತಳು. ತೊಂಬತ್ತಾರನೆಯ ವಯಸ್ಸಿನಲ್ಲಿ ಆ ಮುದುಕಿ ಕಣ್ಣು ಮುಚ್ಚಿದಾಗ ಬೆನ್ನಿನ ಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಅದಕ್ಕೂ ಎರಡು ವರ್ಷ ಮೊದಲು ಇತ್ತ ಊರಲ್ಲಿ ಬಾಯಿಯ ಸ್ವಂತ ತಾಯಿ ಆರು ತಿಂಗಳು ಮಲಗಿಯೇ ಸತ್ತಿದ್ದಳು. ಬಂದರೆ ಮತ್ತೆ ಹೋಗಲು ವೀಸಾ ಸಿಗದು ಎಂದು ಬಾಯಿ ಬರಲಿಲ್ಲ. ಫೋನಿನಲ್ಲಿ ತಾಯಿಯ ಮುಖ ಮಾತ್ರ ಕಾಣುತ್ತಿತ್ತು. ಬೆನ್ನು ಹೇಗಿತ್ತೆಂದು ಅವಳು ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಊರಿಗೆ ಮರಳಿದ ಮೇಲೆ ಮಗಳ ಮದುವೆ ಮಾಡಿ ಮೂಡಬಿದ್ರೆಗೆ ಕಳುಹಿಸಿದಳು. ಮತ್ತೆ ಸುಮ್ಮನೆ ಕೂರಲಾಗಲಿಲ್ಲ. ಹಾಸಿಗೆ ಹಿಡಿದವರ ಮನೆಗಳಿಗೆ ತಾನಾಗಿಯೇ ಹೋಗತೊಡಗಿದಳು. ಕ್ರೈಸ್ತರ ಮನೆ, ಬ್ಯಾರಿಗಳ ಮನೆ, ಗೌಡರ ಮನೆ ಎಂದು ನೋಡಲಿಲ್ಲ. ಒಂದು ಸಲ ಇಗರ್ಜಿಯ ವಾರ್ಡಿನ ಪ್ರಾರ್ಥನಾ ಸಭೆಯಲ್ಲಿ, ಕ್ರಿಸ್ತ ನಮಗೆ ಎಲ್ಲಿ ಸಿಗುತ್ತಾನೆ ಎಂದು ಪ್ರಶ್ನೆ ಬಂದಾಗ, “ಮಲಗಿದವರ ಬೆನ್ನ ಅಡಿಯಲ್ಲಿ ಇರ್ತಾನೆ, ತಿರುಗಿಸಿ ನೋಡಿದ್ರೆ ಸಿಗ್ತಾನೆ,” ಎಂದುಬಿಟ್ಟಳು. ವಾರ್ಡಿನ ಮುಂದಾಳು ಗುರಿಕಾರ ಮುಖ ಹುಳಿ ಮಾಡಿಕೊಂಡ. ಅವಳು ತಮಾಷೆಗೆ ಹೇಳಿರಲಿಲ್ಲ.

ಪದ್ಮಯ್ಯನ ವಿಷಯ ಅವಳಿಗೆ ತಿಳಿಸಿದ್ದು ಪುಂಜಾಲಕಟ್ಟೆಯ ಆಶಾ ಕಾರ್ಯಕರ್ತೆ ಮೋಕ್ಷಿತಾ. ಅಡಿಕೆ ಕೊಯ್ಯಲು ಮರ ಹತ್ತುವುದೇ ಕಸುಬಾಗಿದ್ದವನು ಪದ್ಮಯ್ಯ. ಐವತ್ತೆರಡು ವರ್ಷ, ಕಬ್ಬಿಣದಂಥ ಆಳು. ಯಾರದೋ ತೋಟದಲ್ಲಿ ಮರ ಮುರಿದು ಬಿದ್ದ, ಬೆನ್ನುಹುರಿ ಹೋಯಿತು. ಸೊಂಟದಿಂದ ಕೆಳಗೆ ಅವನದು ಎನ್ನುವಂಥದ್ದು ಏನೂ ಉಳಿಯಲಿಲ್ಲ. ಬಾಯಿ ಮೊದಲ ದಿನ ಹೋದಾಗ ಸೊಂಟದ ಕೆಳಗಿನ ಎಲುಬಿನ ಮೇಲೆ ಮುಷ್ಟಿಯಷ್ಟು ದೊಡ್ಡ ಹುಣ್ಣಿತ್ತು. ರಸ್ತೆ ಬದಿಯ ಸಣ್ಣ ಮನೆ, ಜಗಲಿಯಲ್ಲಿ ಹೆಂಡತಿ ಪದ್ಮಾಕ್ಷಿ ಬೀಡಿ ಕಟ್ಟುತ್ತಿದ್ದಳು. ಒಳಗೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಪರಸ್ತ್ರೀಯೊಬ್ಬಳು ಬಂದು ತನ್ನ ಬಟ್ಟೆ ಸರಿಸುವುದು ಅವನಿಗೆ ಸಾವಿಗಿಂತ ಹೆಚ್ಚಾಯಿತು. ಕೈಯನ್ನು ಕಣ್ಣಿನ ಮೇಲೆ ಅಡ್ಡ ಇಟ್ಟುಕೊಂಡು ದಿಮ್ಮಿಯ ಹಾಗೆ ಬಿದ್ದುಕೊಂಡ. ಎತ್ತುವಾಗ ಒಂದಿಷ್ಟೂ ಸಹಕರಿಸಲಿಲ್ಲ. ಆ ಹುಣ್ಣನ್ನು ಹೆಂಡತಿ ನೋಡುವುದಂತೂ ಅವನಿಗೆ ಬೇಡವೇ ಬೇಡ. ಪದ್ಮಾಕ್ಷಿ ಬಿಸಿನೀರು ತಂದು ಬಾಗಿಲಲ್ಲಿ ಇಟ್ಟು ಹಿಂದೆ ಸರಿಯುತ್ತಿದ್ದಳು. ಬಾಯಿಯೂ, “ನೀವು ನಿಮ್ಮ ಬೀಡಿ ಕಟ್ಟಿ ಪದ್ಮಾಕ್ಷಿ, ಇದು ನನಗೆ ಬಿಡಿ,” ಎನ್ನುತ್ತಿದ್ದಳು. ಮಗ್ಗುಲು ಬದಲಿಸುವುದನ್ನು ಮಾತ್ರ ಪದ್ಮಾಕ್ಷಿಗೆ ಕಲಿಸಿದಳು. ಹುಣ್ಣು ತೊಳೆಯುವುದನ್ನು ಕಲಿಸಲಿಲ್ಲ. ತನ್ನಷ್ಟು ಚೆನ್ನಾಗಿ ಇನ್ನೊಬ್ಬರು ಮಾಡಲಾರರು ಎಂಬ ಗರ್ವ ಅದರಲ್ಲಿತ್ತು. ಆಗ ಅದು ಅವಳಿಗೆ ಗರ್ವವೆಂದು ಕಾಣಲಿಲ್ಲ, ದಯೆಯೆಂದು ಕಂಡಿತು.

ದಿನಾ ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಿ ಹತ್ತೂವರೆಗೆ ತಿರುಗಿ ಬರುತ್ತಿದ್ದಳು. ನಾಲ್ಕು ತಿಂಗಳಲ್ಲಿ ಮುಷ್ಟಿಯಷ್ಟಿದ್ದ ಹುಣ್ಣು ಅಡಿಕೆಯಷ್ಟಾಯಿತು. ಮೂರನೆಯ ತಿಂಗಳಲ್ಲಿ ಪದ್ಮಯ್ಯ ಕಣ್ಣಿನ ಮೇಲಿನ ಕೈ ತೆಗೆದ. ಮಾತೂ ಆಡಿದ. ಯಾವ ತೋಟದಲ್ಲಿ ಎಷ್ಟು ಎತ್ತರದ ಮರ, ಯಾವ ಸಾಹುಕಾರ ಎಂಥ ಜಿಪುಣ ಎಂಬುದನ್ನೆಲ್ಲ ಹೇಳಿ ಬಾಯಿಯನ್ನು ನಗಿಸುತ್ತಿದ್ದ. ಬಾಯಿಯೂ ಬಿಡುವವಳಲ್ಲ, ತನ್ನ ಇಸ್ರೇಲಿನ ಮುದುಕಿಯ ಬೈಗುಳಗಳನ್ನು ಆ ಭಾಷೆಯಲ್ಲೇ ಒಪ್ಪಿಸುತ್ತಿದ್ದಳು.

ಕೆಡುಕು ಬಂದದ್ದು ಕೆಟ್ಟವರಿಂದಲ್ಲ. ಪಕ್ಕದ ಮನೆಯ ಹುಕ್ರಪ್ಪ ಒಂದು ದಿನ ಬಾಯಿ ಕೆಲಸ ಮಾಡುವುದನ್ನು ಕಿಟಕಿಯಿಂದ ಫೋನಿನಲ್ಲಿ ತೆಗೆದ. ರಕ್ತ ಸಂಬಂಧವೂ ಅಲ್ಲದ ಈ ಹೆಂಗಸು ಹೇಗೆ ಸೇವೆ ಮಾಡುತ್ತಾಳೆ ನೋಡಿ ಎಂದು ಮೆಚ್ಚಿ, ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಅವನಿಗೆ ಕಾಣದೆ ಹೋದದ್ದು ಒಂದು. ಪಟ್ಟಿ ಬಿಚ್ಚುವ ಮೊದಲು ಬಾಯಿ ಪದ್ಮಯ್ಯನ ಹಣೆಯ ಮೇಲೆ ಹೆಬ್ಬೆರಳಿನಿಂದ ಸಣ್ಣದಾಗಿ ಶಿಲುಬೆಯ ಗುರುತು ಎಳೆಯುತ್ತಾಳೆ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಅದು ಉಸಿರಾಟದಷ್ಟೇ ಸಹಜ. ಅನ್ನಕ್ಕೆ ಅಕ್ಕಿ ಹಾಕುವಾಗ, ಹಿಟ್ಟು ನಾದಿ ಮುಚ್ಚಿಡುವಾಗ, ಮಗು ಮಲಗುವಾಗ ಹೆಬ್ಬೆರಳು ತಾನಾಗಿ ಏಳುತ್ತದೆ. ಹಾಗೆ ಮಾಡುತ್ತಿರುವುದು ಬಾಯಿಗೂ ಗೊತ್ತಿರಲಿಲ್ಲ, ನಾಲ್ಕು ತಿಂಗಳು ಮಾಡಿಸಿಕೊಂಡ ಪದ್ಮಯ್ಯನಿಗೂ ಅದು ಜ್ವರ ನೋಡುವ ಕೈಯಂತೆ ಕಂಡಿತ್ತು. ಸಂಜೆಯೊಳಗೆ ಆ ವಿಡಿಯೋ ಹತ್ತು ಗುಂಪು ದಾಟಿತು. ದಾಟುತ್ತಾ ಅದರ ಕೆಳಗಿನ ಬರಹ ಬದಲಾಯಿತು. ಸೇವೆ ಹೋಗಿ ಮತಾಂತರ ಬಂತು.

ಮರುದಿನ ಮಧ್ಯಾಹ್ನ ಪದ್ಮಯ್ಯನ ಅಣ್ಣನ ಮಗ ಅಶ್ವಿತ್ ಬಾಯಿಯ ಮನೆಗೆ ಬಂದ. ಪುಂಜಾಲಕಟ್ಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹುಡುಗ, ಜೋರು ಮಾತಿನವನಲ್ಲ. ಜೊತೆಗೆ ಬಂದ ಇಬ್ಬರು ಬೈಕಿನಿಂದ ಇಳಿಯದೆ ದಾರಿಯಲ್ಲೇ ನಿಂತರು.

“ಕೂತುಕೋ, ಚಾ ಮಾಡ್ತೇನೆ,” ಎಂದಳು ಬಾಯಿ.

“ಬೇಡ ಬಾಯಮ್ಮ. ನೀವು ಚಿಕ್ಕಪ್ಪನನ್ನು ಚೆನ್ನಾಗಿ ನೋಡಿದ್ದೀರಿ. ಇಲ್ಲ ಅಂತ ನಾನು ಹೇಳುವುದಿಲ್ಲ. ಆದ್ರೆ ಇನ್ನು ಬರುವುದು ಬೇಡ.” ಅವನು ಫೋನು ಮುಂದೆ ಹಿಡಿದ.

ತನ್ನ ಹೆಬ್ಬೆರಳು ಮಾಡುವುದನ್ನು ಬಾಯಿ ಮೊದಲ ಬಾರಿಗೆ ನೋಡಿದಳು. ಸತ್ತ ತಾಯಿಯ ಕೈಯೇ ಕಂಡಂತಾಯಿತು. “ಇದು ನಾನು ಅನ್ನದ ಪಾತ್ರೆಗೂ ಮಾಡ್ತೇನೆ ಮಾರಾಯ,” ಎಂದಳು.

“ಅನ್ನಕ್ಕೆ ಮಾಡಿ. ನಮ್ಮವರಿಗೆ ಬೇಡ.”

“ಆಯ್ತು, ಮಾಡುವುದಿಲ್ಲ. ಹುಣ್ಣು ಯಾರು ತೊಳೀತಾರೆ?”

“ನಾವಿದ್ದೇವಲ್ಲ. ನಾವು ನೋಡಿಕೊಳ್ತೇವೆ.”

ಎರಡು ಗಂಟೆಗೊಮ್ಮೆ ತಿರುಗಿಸಬೇಕು ಎಂದು ಅವಳು ಶುರು ಮಾಡುವಷ್ಟರಲ್ಲಿ, “ಗೊತ್ತುಂಟು, ಗೊತ್ತುಂಟು,” ಎನ್ನುತ್ತಾ ಅವನು ಅಂಗಳಕ್ಕೆ ಇಳಿದಿದ್ದ. ದಾರಿಯಲ್ಲಿದ್ದ ಇಬ್ಬರಲ್ಲಿ ಒಬ್ಬ ಅವಳ ಮನೆಯ ಬಾಗಿಲ ಮೇಲಿನ ಶಿಲುಬೆಯ ಫೋಟೋ ತೆಗೆದುಕೊಂಡ.

ಆದರೂ ಮರುದಿನ ಹೋಗುವುದೆಂದೇ ಅವಳು ಚೀಲ ತುಂಬಿಸಿಟ್ಟಿದ್ದಳು. ಬೆಳಗಿನ ಪೂಜೆ ಮುಗಿದ ಮೇಲೆ ಫಾದರ್ ಎಲ್ಟನ್ ಕರೆದರು. ಇಗರ್ಜಿಗೆ ಬಂದು ಒಂದು ವರ್ಷವೂ ಆಗದ ಎಳೆ ಪ್ರಾಯದ ಪಾದ್ರಿ, ಒಳ್ಳೆಯ ಮನುಷ್ಯ. ಅವರಿಗೂ ಯಾರೋ ಫೋನ್ ಮಾಡಿದ್ದರು.

“ನೀವು ಒಬ್ಬರೇ ಆಗಿದ್ದರೆ ನಿಮ್ಮ ಇಷ್ಟ ಎನ್ನುತ್ತಿದ್ದೆ ಬಾಯಿ. ಇಲ್ಲಿ ಇಗರ್ಜಿ ಉಂಟು, ಶಾಲೆ ಉಂಟು, ಮಕ್ಕಳು ದೂರದಿಂದ ನಡೆದುಕೊಂಡು ಬರ್ತಾರೆ. ಸ್ವಲ್ಪ ದಿನ ಸುಮ್ಮನಿರುವ. ಆ ಮನುಷ್ಯನಿಗಾಗಿ ನಾವೆಲ್ಲ ಪ್ರಾರ್ಥಿಸುವ.”

ಮೂಡಬಿದ್ರೆಯಿಂದ ಪ್ರೆಸಿಲ್ಲಾ ಫೋನ್ ಮಾಡಿ, ಹೋಗಬೇಡ ಎಂದು ಅತ್ತಳು. ಹೀಗೆ ಮೂವರೂ ಬೇಡವೆಂದರು, ಮೂವರ ಮಾತಿನಲ್ಲೂ ಒಂದೊಂದು ನ್ಯಾಯವಿತ್ತು. ಬಾಯಿ ಚೀಲವನ್ನು ಬಿಚ್ಚಿ ಹುಣ್ಣಿಗೆ ಕಟ್ಟುವ ಗಾಜ್ ಬಟ್ಟೆಯನ್ನು ಕಪಾಟಿನಲ್ಲಿಟ್ಟಳು. ಸುಳ್ಳು ಹೇಳಬಾರದು, ಮೊದಲ ದಿನ ಅವಳ ಮೈಗೆ ಸ್ವಲ್ಪ ಹಾಯೆನಿಸಿತು. ಐವತ್ತೇಳು ವರ್ಷದ ಸೊಂಟ, ಮರುದಿನ ಬೆಳಿಗ್ಗೆ ಏಳು ಗಂಟೆಯವರೆಗೆ ಮಲಗಿತು. ಆ ಹಾಯೆನಿಸಿದ್ದನ್ನು ಅವಳು ಆಮೇಲೆ ತನಗೆ ತಾನೇ ಕ್ಷಮಿಸಿಕೊಳ್ಳಲಿಲ್ಲ.

ಎರಡನೆಯ ದಿನದಿಂದ ಪ್ರಾರ್ಥನೆ ಶುರುವಾಯಿತು. ಬೆಳಿಗ್ಗೆ ಒಂದು ಜಪಸರ, ಸಂಜೆ ಒಂದು, ಎರಡೂ ಪದ್ಮಯ್ಯನ ಹೆಸರಿನಲ್ಲಿ. ಬಾಯಿ ಜಪ ಮಾಡುವುದರಲ್ಲಿ ಎಂದೂ ಹಿಂದೆ ಬಿದ್ದವಳಲ್ಲ. ಆದರೆ ಮಣಿ ಎಣಿಸುತ್ತಾ ಕೂತಾಗ ಕಣ್ಣು ಗಡಿಯಾರಕ್ಕೇ ಹೋಗುತ್ತಿತ್ತು. ಎಂಟು ಗಂಟೆ, ಈಗ ಎಡ ಮಗ್ಗುಲು. ಹತ್ತು ಗಂಟೆ, ಈಗ ಬಲ ಮಗ್ಗುಲು. ಪದ್ಮಾಕ್ಷಿ ತಿರುಗಿಸಿದಳೋ ಇಲ್ಲವೋ. ಪಟ್ಟಿ ಒದ್ದೆಯಾಗಿದೆಯೋ ಏನೋ. ನಾಲ್ಕನೆಯ ದಿನ ಪದ್ಮಾಕ್ಷಿಗೆ ಫೋನ್ ಮಾಡಿದಳು, ಎತ್ತಿದ್ದು ಅಶ್ವಿತ್. “ಎಲ್ಲ ಸರಿ ಉಂಟು ಬಾಯಮ್ಮ. ನಾನು ಮೂಡಬಿದ್ರೆಯಿಂದ ನೀರಿನ ಹಾಸಿಗೆ ತಂದಿದ್ದೇನೆ, ದೊಡ್ಡದು. ಈಗ ತಿರುಗಿಸುವ ರಗಳೆ ಇಲ್ಲ,” ಎಂದ. ಅವನ ದನಿಯಲ್ಲಿ ಹೆಮ್ಮೆ ಇತ್ತು. ಚಿಕ್ಕಪ್ಪನಿಗೆ ಒಳ್ಳೆಯದನ್ನೇ ಮಾಡಿದ್ದೇನೆಂದು ಅವನು ನಿಜವಾಗಿ ನಂಬಿದ್ದ.

ನೀರಿನ ಹಾಸಿಗೆಯಾದರೂ ತಿರುಗಿಸಲೇಬೇಕು ಎಂದು ಬಾಯಿ ಹೇಳಿದಳು. ಹೇಳುವಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು. ಮತ್ತೆ ಮಾಡಬಹುದಿತ್ತು, ಮಾಡಲಿಲ್ಲ.

ಆರನೆಯ ದಿನ ತಡೆಯಲಾಗದೆ ಎಂಟರ ಬಸ್ಸು ಹತ್ತಿದಳು. ಕಂಡಕ್ಟರ್ ಟಿಕೆಟು ಹರಿಯುತ್ತಾ, “ಏನು ಬಾಯಮ್ಮ, ಸುಮಾರು ದಿನದಿಂದ ಪತ್ತೆಯಿಲ್ಲ,” ಎಂದ. ಬರೇ ಕುಶಾಲಿಗೆ ಕೇಳಿದ್ದು. ಆದರೆ ಹಿಂದಿನ ಸೀಟಿನವರು ತನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ಬಾಗಿಲ ಮೇಲಿನ ಶಿಲುಬೆಯ ಫೋಟೋ ನೆನಪಾಯಿತು. ಪುಂಜಾಲಕಟ್ಟೆ ಮುಟ್ಟುವ ಮೊದಲೇ ಒಂದು ಸ್ಟಾಪಿನಲ್ಲಿ ಇಳಿದು, ರಸ್ತೆಯ ಆಚೆ ಬದಿಗೆ ದಾಟಿ, ವಾಪಸು ಬರುವ ಬಸ್ಸಿಗೆ ಕಾದಳು. ಯಾರೂ ಅವಳನ್ನು ತಡೆದಿರಲಿಲ್ಲ. ಮೀನಿನವನನ್ನು ಬೆವರಿಳಿಸುವ ಸೆರಾಫಿನ್ ಬಾಯಿ ಅಲ್ಲಿ ಸೆರಗು ತಲೆಗೆ ಎಳೆದುಕೊಂಡು ಕಳ್ಳಿಯ ಹಾಗೆ ನಿಂತಿದ್ದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಮೋಕ್ಷಿತಾಳ ಫೋನ್ ಬಂತು. “ಬಾಯಮ್ಮ, ಜ್ವರ ಇಳಿಯುವುದಿಲ್ಲ. ಮಾತು ತಪ್ಪುತ್ತಾ ಉಂಟು. ಮನೆ ಹೊಕ್ಕರೆ ವಾಸನೆ. ಆಂಬ್ಯುಲೆನ್ಸಿಗೆ ಹೇಳಿದ್ದೇನೆ, ಪದ್ಮಾಕ್ಷಿಯಕ್ಕ ನಿಮ್ಮನ್ನೇ ಕೇಳ್ತಾ ಇದ್ದಾರೆ.”

ಬಾಯಿ ಫಾದರನ್ನು ಕೇಳಲಿಲ್ಲ, ಮಗಳಿಗೆ ಹೇಳಲಿಲ್ಲ. ಆಟೋ ಮಾಡಿಕೊಂಡು ಹೋದಳು. ಅಶ್ವಿತ್ ಅಂಗಳದ ತೆಂಗಿನ ಬುಡ ಹಿಡಿದು ಕೂತಿದ್ದ, ಆಗಷ್ಟೇ ವಾಂತಿ ಮಾಡಿದ್ದ. ಹುಣ್ಣನ್ನು ಅವನು ನೋಡಿದ್ದು ಅವತ್ತೇ ಮೊದಲು. ಹನ್ನೊಂದು ದಿನ ಪದ್ಮಯ್ಯ, ಎಲ್ಲ ಸರಿ ಉಂಟು, ಬಿಡಿ, ನೋಡುವುದು ಬೇಡ ಎಂದು ಹೆಂಡತಿಯನ್ನೂ ಮುಟ್ಟಗೊಟ್ಟಿರಲಿಲ್ಲ. ಅಶ್ವಿತ್ ಅದನ್ನೇ ನಂಬಿದ್ದ. ನೀರಿನ ಹಾಸಿಗೆ ತಂದಿದ್ದ, ಒಳ್ಳೆಯ ಪೌಡರ್ ತಂದಿದ್ದ, ದಿನಾ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಕ್ಷೇಮ ಕೇಳಿ ಹೋಗುತ್ತಿದ್ದ. ಪದ್ಮಯ್ಯ ಮಾತ್ರ ಒಂದೇ ಮಗ್ಗುಲಲ್ಲಿ ಮಲಗಿಯೇ ಇದ್ದ.

“ಎದ್ದು ಬಾ,” ಎಂದಳು ಬಾಯಿ. “ಸೊಂಟದ ಹತ್ರ ಹಿಡಿ. ನಾನು ಮೂರು ಅಂದಾಗ ನಿನ್ನ ಕಡೆಗೆ ಎಳೀಬೇಕು. ಕಣ್ಣು ಮುಚ್ಚಬೇಡ.”

ಅವನು ಹಿಡಿದ. ಹುಣ್ಣಿನ ಆಳದಲ್ಲಿ ಬೆಳ್ಳಗೆ ಎಲುಬು ಕಾಣುತ್ತಿತ್ತು. ನಾಲ್ಕು ತಿಂಗಳಲ್ಲಿ ಕೂಡಿಸಿದ್ದೆಲ್ಲ ಹನ್ನೊಂದು ದಿನಗಳಲ್ಲಿ ಹೋಗಿತ್ತು, ಇದ್ದದ್ದೂ ಹೋಗಿತ್ತು. ಬಾಯಿಯ ಹೆಬ್ಬೆರಳು ಅಭ್ಯಾಸದಂತೆ ಮೇಲೆದ್ದಿತು. ಅವಳು ಅದನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಅಶ್ವಿತ್ ಅದನ್ನು ಕಂಡು ಮುಖ ಆಚೆ ಮಾಡಿದ. ತಾನು ಇಷ್ಟು ದಿನ ಒಪ್ಪಿಸಿದ ಇಪ್ಪತ್ತು ಜಪಸರಗಳು ಅವಳ ನೆನಪಿಗೆ ಬಂದವು. ಅವುಗಳಲ್ಲಿ ಒಂದೂ ಈ ಮನುಷ್ಯನ ಮಗ್ಗುಲು ಬದಲಿಸಿರಲಿಲ್ಲ. ದೇವರು ಕೇಳಿಸಿಕೊಂಡಿರಲಿಕ್ಕಿಲ್ಲ ಎಂದು ಅವಳಿಗೆ ಅನಿಸಲಿಲ್ಲ. ಕೇಳಿಸಿಕೊಂಡು, ನಿನಗೆ ಎರಡು ಕೈ ಕೊಟ್ಟಿದ್ದೇನಲ್ಲ ಎಂದು ತಿರುಗಿ ಕೇಳಿದ್ದನೆಂದೇ ಅನಿಸಿತು. ಅದು ತನಗೆ ಕೇಳಿಸಿಯೂ ಇತ್ತು. ಆರನೆಯ ದಿನ ಬಸ್ಸು ಹತ್ತಿಸಿದ್ದು ಅದೇ.

ಬಂಟ್ವಾಳದ ಆಸ್ಪತ್ರೆಯಲ್ಲಿ ಡಾಕ್ಟರು ಕೀವು ತೆಗೆದು, ಗ್ಲೂಕೋಸ್ ಹಾಕಿ, ವಿಷ ರಕ್ತಕ್ಕೆ ಏರಿದೆ, ಒಂದು ವಾರ ಹೋಗದೆ ಏನೂ ಹೇಳುವಂತಿಲ್ಲ ಎಂದರು. ಎರಡು ಗಂಟೆಗೊಮ್ಮೆ ತಿರುಗಿಸಿ ಎಂದೂ ಹೇಳಿದರು. ಬಾಯಿ ಮತ್ತು ಅಶ್ವಿತ್ ಹಾಸಿಗೆಯ ಎರಡು ಬದಿಗೆ ನಿಂತು ತಿರುಗಿಸತೊಡಗಿದರು. ಒಮ್ಮೆ ಅವನು, “ನಾನು ನೋಡಬೇಕಿತ್ತು,” ಎಂದ. “ನಾನು ಪದ್ಮಾಕ್ಷಿಗೆ ಕಲಿಸಬೇಕಿತ್ತು,” ಎಂದಳು ಬಾಯಿ. ಮರುದಿನ ಪದ್ಮಾಕ್ಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪಟ್ಟಿ ಕಟ್ಟುವುದನ್ನು ಮೊದಲಿನಿಂದ ತೋರಿಸಿಕೊಟ್ಟಳು. ಜ್ವರದಲ್ಲಿದ್ದ ಪದ್ಮಯ್ಯನಿಗೆ ಬೇಡ ಎನ್ನುವ ಶಕ್ತಿ ಇರಲಿಲ್ಲ.

ಶನಿವಾರ ಸಂಜೆ ಊರಿಗೆ ಬಂದವಳು ನೇರ ಇಗರ್ಜಿಗೆ ಹೋಗಿ ಪಾಪನಿವೇದನೆಗೆ ಮೊಣಕಾಲೂರಿದಳು. ಜಾಲರಿಯ ಆಚೆ ಫಾದರ್ ಎಲ್ಟನ್.

“ಹನ್ನೊಂದು ದಿನ ಒಬ್ಬ ರೋಗಿಯ ಹತ್ತಿರ ಹೋಗದೆ ಕೂತಿದ್ದೆ ಫಾದರ್. ಅವನು ಈಗ ಸಾಯುವ ಹಾಗೆ ಇದ್ದಾನೆ.”

“ಅದು ನಾನು ಹೇಳಿದ್ದಲ್ಲವಾ ಬಾಯಿ.”

“ಹೇಳಿದ್ದು ನೀವು. ಕೂತದ್ದು ನಾನು.”

ಫಾದರ್ ಐದು ನಮೋ ಮರಿಯೆ ಜಪ ಹೇಳುವ ಪ್ರಾಯಶ್ಚಿತ್ತ ಕೊಟ್ಟರು. ಐದು. ಪಕ್ಕದ ಮನೆಯವರ ಮೇಲೆ ಚಾಡಿ ಹೇಳಿದರೂ ಅಷ್ಟೇ ಕೊಡುತ್ತಾರೆ. ಬಾಯಿ ಅದನ್ನು ಇಗರ್ಜಿಯ ಮೆಟ್ಟಿಲಿಳಿಯುವಷ್ಟರಲ್ಲಿ ಮುಗಿಸಿದಳು, ಎದೆಯ ಭಾರ ಇದ್ದಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಬಾಯಿ ಆಸ್ಪತ್ರೆಗೆ ಹೋದಾಗ ಪದ್ಮಯ್ಯನ ಜ್ವರ ಸ್ವಲ್ಪ ಇಳಿದಿತ್ತು. ಉಳಿಯುತ್ತಾನೆಂದು ಡಾಕ್ಟರು ಇನ್ನೂ ಹೇಳಿರಲಿಲ್ಲ. ಪದ್ಮಾಕ್ಷಿ ಹೊರಗೆ ಬೆಂಚಿನ ಮೇಲೆ ಒರಗಿದ್ದಳು, ಅಶ್ವಿತ್ ಗಂಜಿ ತರಲು ಹೋಗಿದ್ದ. ಬಾಯಿ ಸ್ಟೂಲು ಎಳೆದುಕೊಂಡು ಕೂತಳು. ಪದ್ಮಯ್ಯ ಕಣ್ಣು ತೆರೆದು ಬಹಳ ಹೊತ್ತು ಅವಳನ್ನೇ ನೋಡಿದ.

“ನೀವು ಯಾಕೆ ಬರಲಿಲ್ಲ ಬಾಯಮ್ಮ?”

ಅವಳ ಬಳಿ ಉತ್ತರಗಳಿದ್ದವು. ನಿಮ್ಮ ಅಣ್ಣನ ಮಗ ಬೇಡವೆಂದ ಎನ್ನಬಹುದಿತ್ತು. ಪಾದ್ರಿಗಳು ತಡೆದರು, ಮಗಳು ಅತ್ತಳು ಎನ್ನಬಹುದಿತ್ತು. ಎಲ್ಲವೂ ನಿಜವೇ, ಯಾವುದನ್ನು ಹೇಳಿದರೂ ಅವನು ಒಪ್ಪುತ್ತಿದ್ದ.

“ಹೆದರಿದೆ ಪದ್ಮಯ್ಯಣ್ಣ,” ಎಂದಳು. “ಆರನೇ ದಿನ ಬಸ್ಸು ಹತ್ತಿ ಬಂದಿದ್ದೆ. ನಿಮ್ಮ ಮನೆ ಬರುವ ಮೊದಲೇ ಇಳಿದು ವಾಪಸು ಹೋದೆ. ಆವತ್ತು ಯಾರೂ ನನ್ನನ್ನು ತಡೀಲಿಲ್ಲ.”

ಪದ್ಮಯ್ಯ ಮೇಲೆ ತಿರುಗುವ ಫ್ಯಾನನ್ನು ನೋಡಿದ. “ದಿನಾ ಎಂಟರ ಬಸ್ಸು ನಿಂತದ್ದು ಮಲಗಿದಲ್ಲಿಗೆ ಕೇಳ್ತಿತ್ತು,” ಎಂದ. “ಇಳಿದವರ ಚಪ್ಪಲಿ ಸದ್ದು ಆಚೆ ಹೋಗುವವರೆಗೂ ಕಿವಿ ಕೊಡ್ತಿದ್ದೆ. ನೀವಲ್ಲ ಅಂತ ಗೊತ್ತಾದ ಮೇಲೆ ಪದ್ಮಾಕ್ಷಿಗೆ, ಎಲ್ಲ ಸರಿ ಉಂಟು ಅಂತ ಹೇಳ್ತಿದ್ದೆ.”

ಬಾಯಿಗೆ ಅಳು ಬಂತು. ತಾಯಿ ಸತ್ತ ಸುದ್ದಿ ಬಂದ ದಿನ ಅವಳು ಇಸ್ರೇಲಿನ ಆ ಮನೆಯ ಅಡುಗೆಕೋಣೆಯಲ್ಲಿ ಬಾಯೊಳಗೆ ಬಟ್ಟೆ ತುರುಕಿಕೊಂಡು ಅತ್ತಿದ್ದಳು. ಇಲ್ಲಿ ಆಸ್ಪತ್ರೆಯ ವಾರ್ಡಿನವರೆಲ್ಲ ನೋಡುವಂತೆ ಅತ್ತಳು. ಕ್ಷಮಿಸಿ ಎಂದು ಅವಳು ಕೇಳಲಿಲ್ಲ, ಕೇಳುವ ಮುಖ ಉಳಿದಿರಲಿಲ್ಲ. ಪರವಾಗಿಲ್ಲ ಎಂದು ಅವನೂ ಹೇಳಲಿಲ್ಲ.

ಅವನು ಗೋಡೆಯ ಗಡಿಯಾರದ ಕಡೆ ಕಣ್ಣು ಹಾಯಿಸಿದ.

“ಹತ್ತು ಗಂಟೆ ಆಯ್ತು ಬಾಯಮ್ಮ,” ಎಂದ. “ಆ ಕಡೆಗೆ ತಿರುಗಿಸಿ.”

ಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಪದ್ಮಯ್ಯ ತಾನಾಗಿಯೇ ಕೈ ಚಾಚಿ ಮಂಚದ ಸರಳನ್ನು ಹಿಡಿದು, ಅವಳು ಮೂರು ಎನ್ನುವುದನ್ನು ಕಾದ.